ಬೆಂಚಿನಲ್ಲಿ ಉಳಿದವಳು

ನಾಲಗೆಯ ಅಡಿಯಲ್ಲಿಟ್ಟುಕೊಂಡ ಶುಂಠಿಯ ಚೂರು ಔಷಧವೋ ಆಹಾರವೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಪರಮಪ್ರಸಾದ ಸ್ವೀಕರಿಸುವ ಮುಂಚೆ ಒಂದು ಗಂಟೆ ಬಾಯಿಗೆ ಏನೂ ಹೋಗಕೂಡದು. ನೀರು, ಔಷಧಕ್ಕೆ ಅಡ್ಡಿಯಿಲ್ಲ. ಬೆಳಿಗ್ಗೆ ಗಂಟಲು ಕೆರೆಯುತ್ತಿತ್ತು, ಚರ್ಚಿನ ಪೂಜೆಯಲ್ಲಿ ಬೈಬಲ್ ವಾಚನ ಓದುವ ಸರದಿ ತನ್ನದು. ಆದ್ದರಿಂದ ಔಷಧ. ಆದರೆ ಅದರ ರಸ ಖಾರವಾಗಿ ಗಂಟಲಿಗಿಳಿದಾಗ ಅನ್ಸಿಲ್ಲಾಳಿಗೆ ಹಿತವಾಗಿತ್ತು. ಹಿತವಾದದ್ದು ಔಷಧವಾದೀತೆ?

ಆದೀತು, ಎಂದು ಅವಳು ತನಗೇ ಹೇಳಿಕೊಂಡಳು. ರಾತ್ರಿ ಡೈರಿಯಲ್ಲಿ ಬರೆದರಾಯಿತು. ಬರೆದುಬಿಟ್ಟರೆ ಅರ್ಧ ಪಾಪ ಕಳೆದಂತೆ ಅವಳಿಗೆ ಅನಿಸುತ್ತಿತ್ತು.

ವಾಚನ ಚೆನ್ನಾಗಿಯೇ ಆಯಿತು. ಕಾಲೇಜಿನಲ್ಲಿ ಹೆಸರು ಕರೆದರೆ 'ಎಸ್ ಸರ್' ಎನ್ನಲೂ ತಡವರಿಸುತ್ತಿದ್ದವಳು ಅವಳು. ಬೇರೆಯವರ ಮಾತನ್ನು ಓದುವಾಗ ಮಾತ್ರ ದನಿ ನಡುಗುತ್ತಿರಲಿಲ್ಲ. ಕಾಸರಕೋಡದ ಆ ಸಣ್ಣ ಚರ್ಚಿನಲ್ಲಿ ಎಲ್ಲರೂ ತಲೆಯೆತ್ತಿ ಕೇಳಿದರು. ಓದಿ ಮುಗಿಸಿ, ತಲೆ ತಗ್ಗಿಸಿ, ಬಂದು ತನ್ನ ಮಾವ್ಶಿ, ತಾಯಿಯ ಒಡಹುಟ್ಟಿದ ಪಿಯಾದಳ ಪಕ್ಕ ಕೂತಳು. ತಲೆ ತಗ್ಗಿಸಿದ್ದು ಚೆನ್ನಾಗಿ ಕಂಡಿರಬೇಕು.

ಇಂದಿನ ಪೂಜೆ ಇನಾಸ ಮಾಮನ ಹೆಸರಿನಲ್ಲಿತ್ತು. ಮಾವ್ಶಿಯ ಗಂಡ; ಅಳಿವೆಯಲ್ಲಿ ದೋಣಿ ಮಗುಚಿ ಹೋದವನು. ವರ್ಷಕ್ಕೊಮ್ಮೆ ಫಾದರ್ ಎಲಿಯಾಸ್ ಆ ಹೆಸರನ್ನು ಮೈಕಿನಲ್ಲಿ ಓದುತ್ತಾರೆ. ಆಗ ಪಿಯಾದ ಮಾವ್ಶಿ ಮದುವೆ ಮನೆಯಲ್ಲಿ ಕರೆದಂತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾಳೆ.

ಪ್ರಸಾದಕ್ಕೆ ಸಾಲು ಏಳುವ ಹೊತ್ತಿಗೆ ಮಾವ್ಶಿ ಕಿವಿಯ ಹತ್ತಿರ ಬಾಗಿದಳು.

"ಅನ್ಸಿ, ಹೊರಡೂ ಹೊತ್ತಿಗೆ ಕಣ್ಣು ಕತ್ತಲೆ ಬಂದಂಗಾತು. ಶುಗರಿನ ಗುಳಿಗೆ ನುಂಗಿ ಅರ್ಧ ಲೋಟ ಚಾ ಕುಡಿದೆ. ಒಂದು ಟೋಸ್ಟೂ ತಿಂದೆ. ಅಡ್ಡಿಲ್ಲ ಅಲ್ದಾ?"

ಬಾಯಿಂದ ಚಹಾದ ವಾಸನೆ ಬರುತ್ತಿತ್ತು.

"ಗಂಟೆ ಆಗ್ಲಿಲ್ಲ ಮಾವ್ಶಿ."

"ಹಂಗಾರೆ?"

"ಇವತ್ತು ಬೇಡ. ಕೂತ್ಕೊ."

"ಇನಾಸನ ಪೂಜೆ ಅಲ್ದಾ ಇವತ್ತು..."

"ಕೂತ್ಕೊ ಮಾವ್ಶಿ."

ಅವರ ಬೆಂಚಿನ ಸರದಿ ಬಂತು. ಅಭ್ಯಾಸಬಲದಿಂದ ಮಾವ್ಶಿ ಅರ್ಧ ಎದ್ದಳು. ಅನ್ಸಿಲ್ಲಾ ಅವಳ ಮುಂಗೈ ಹಿಡಿದಳು. ಒತ್ತಿ ಏನಲ್ಲ. ಮೀನು ಒಣಗಿಸಿ ಒಣಗಿಸಿ ಒರಟಾದ ಆ ಕೈ ಕೂಡಲೇ ಮೆತ್ತಗಾಗಿ ಕೆಳಗಿಳಿಯಿತು. ಬೆಂಚಿನ ಆಚೆ ತುದಿಯವರು ಮಾವ್ಶಿಯ ಮೊಣಕಾಲು ದಾಟಿಕೊಂಡು ಹೋದರು. ಒಬ್ಬಿಬ್ಬರು ತಿರುಗಿ ನೋಡಿದರು. ಆ ಊರಿನಲ್ಲಿ ಪ್ರಸಾದಕ್ಕೆ ಏಳದೆ ಕೂತವರ ಬಗ್ಗೆ ಕೇಳಬೇಕಾದದ್ದು ಒಂದೇ: ಎಂತ ಪಾಪ ಮಾಡಿಕೊಂಡರೋ. ಗಂಡನ ಹೆಸರಿನ ಪೂಜೆಯಲ್ಲೇ ಕೂತರೆ ಕೇಳುವುದೂ ಬೇಡ.

ಅನ್ಸಿಲ್ಲಾ ಕೈ ಜೋಡಿಸಿಕೊಂಡು ಸಾಲಿನಲ್ಲಿ ನಡೆದಳು. ನಡೆಯುತ್ತಲೇ ರಾತ್ರಿಯ ಡೈರಿಗೆ ವಾಕ್ಯ ಸಿದ್ಧವಾಗುತ್ತಿತ್ತು: ಇಂದು ಮಾವ್ಶಿಗೆ ಒಂದು ನಿಯಮ ನೆನಪಿಸುವ ಸಂದರ್ಭ ಒದಗಿತು. 'ಒದಗಿತು' ಎಂಬುದು ಸರಿಯಾಗಿದೆ. ತಾನು ಮಾಡಿದ್ದಲ್ಲ, ಒದಗಿದ್ದು.

ಎದೆಯಲ್ಲಿ ಬೆಚ್ಚಗೆ ಏನೋ ಹರಡುತ್ತಿತ್ತು. ಭಕ್ತಿ ಇರಬೇಕು ಎಂದುಕೊಂಡಳು.

*

ಪೂಜೆ ಮುಗಿದ ಮೇಲೆ ಫಾದರ್ ಬಾಗಿಲ ಬಳಿ ನಿಂತಿದ್ದರು. ಮಾವ್ಶಿ ಅವರ ಕಣ್ಣಿಗೆ ಬೀಳದ ಹಾಗೆ ಪಕ್ಕದ ಬಾಗಿಲಿನಿಂದ ಹೋದದ್ದನ್ನು ಅನ್ಸಿಲ್ಲಾ ನೋಡಿದಳು. ನೋಡಬಾರದಿತ್ತು ಅನಿಸಿತು.

"ಒಳ್ಳೆ ಓದಿದೆ," ಎಂದರು ಫಾದರ್. "ಪಿಯಾದ ಬಾಯಿ ಪ್ರಸಾದಕ್ಕೆ ಬರಲಿಲ್ಲ ಯಾಕೆ? ನಾನು ಕಾದೆ."

"ಹುಷಾರಿಲ್ಲ ಅಂತ ಕಾಣ್ತದೆ ಫಾದರ್."

"ಹೌದಾ? ಮನೆಗೇ ತಂದುಕೊಡ್ತೇನೆ ಬೇಕಾದರೆ."

"ಬೇಡ ಬೇಡ." ಬೇಗನೆ ಹೇಳಿದಳು. ನಂತರ, ಎಲ್ಲೋ ನೋಡುತ್ತ, "ಫಾದರ್, ಒಂದು ಗಂಟೆಯ ಉಪವಾಸ... ವಯಸ್ಸಾದವರಿಗೂ ಉಂಟಲ್ಲ?"

"ಇಲ್ಲವಲ್ಲ! ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಸೇವೆ ಮಾಡುವವರಿಗೆ, ಯಾರಿಗೂ ಇಲ್ಲ." ಫಾದರ್ ನಕ್ಕರು. "ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು ನೀನು. ನೀನೇ ಕೇಳ್ತೀಯಲ್ಲ ಮಾರಾಯ್ತಿ. ಯಾರಿಗೆ ಬೇಕಿತ್ತು?"

"ಯಾರಿಗೂ ಅಲ್ಲ. ಮಕ್ಕಳು ಕೇಳಿದ್ರು."

ಸಣ್ಣ ಸುಳ್ಳು. ಕ್ಷಮಾರ್ಹ ವರ್ಗದ್ದು. ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ಅದರ ಜಾಗದಲ್ಲಿಟ್ಟಾಗಿತ್ತು.

ಆದರೆ ಕಲಿಸುವ ಪುಸ್ತಕದ ಆ ಪುಟ ಅವಳ ಕಣ್ಣ ಮುಂದೆ ಬಂದು ನಿಂತಿತು. ನಿಯಮ ಮೇಲೆ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಔಷಧದ ಸಾಲು. ಅದರ ಕೆಳಗೆ ವೃದ್ಧರ ಸಾಲು. ಔಷಧದ ಸಾಲು ಬೆಳಿಗ್ಗೆ ಎಷ್ಟು ಚೆನ್ನಾಗಿ ನೆನಪಿತ್ತು! ಅದರ ಕೆಳಗಿನದಕ್ಕೆ ಕಣ್ಣು ಇಳಿದಿರಲಿಲ್ಲ. ವಿನಾಯಿತಿಯನ್ನು ಅವಳು ತನಗೆ ಬೇಕಾದಷ್ಟೇ ಓದಿಕೊಂಡಿದ್ದಳು.

*

ಮಾವ್ಶಿ ಮನೆಗೆ ಹೋಗಿರಲಿಲ್ಲ. ಮೀನು ಒಣಗಿಸುವ ಮೈದಾನದ ಅಂಚಿನಲ್ಲಿ ನಿಂತು ಗಂಗೆಯ ಜೊತೆ ಮಾತಾಡುತ್ತಿದ್ದಳು. ಗಂಗೆ ನೆರೆಮನೆಯವಳು, ಮೈದಾನದಲ್ಲಿ ಮಾವ್ಶಿಯ ಜೊತೆಗಾತಿ. ಬಲೆಯ ಮೇಲೆ ಹರಡಿದ ಮೀನನ್ನು ಕಾಲಲ್ಲೇ ಕಾಗೆ ಓಡಿಸುತ್ತ ಮಗುಚಿ ಹಾಕುತ್ತಿದ್ದಳು.

"ಎಂತದು ಬಾಯಿ? ಚಾ ಕುಡ್ದದ್ದಕ್ಕೆ ದೇವ್ರು ಬ್ಯಾಡ ಅಂದ್ನಾ?"

"ದೇವ್ರಲ್ಲ ಮಾರಾಯ್ತಿ, ಅನ್ಸಿ ಹೇಳಿದ್ದು."

"ಹಂಗಾರೆ ದೇವ್ರಿಗಿಂತ ಜೋರು ಬಿಡು," ಎಂದು ಗಂಗೆ ಅನ್ಸಿಲ್ಲಾಳನ್ನು ನೋಡಿ ನಕ್ಕಳು. "ನಮ್ಮ ದೇವ್ರಿಗಾರೆ ನಾವು ಚಾ ಕುಡ್ದೇ ಹೂವು ಕೊಯ್ಯೂದು. ಇಲ್ದಿದ್ರೆ ಗಿಡದ ಬುಡದಲ್ಲೇ ಬಿದ್ಕಂಬೂದು."

"ನೀ ಸುಮ್ನಿರು. ನಿಂಗೆ ಗೊತ್ತಾಗೂದಿಲ್ಲ." ಮಾವ್ಶಿಯ ಮುಖದಲ್ಲಿ ಹೆಮ್ಮೆಯಿತ್ತು. ಅದನ್ನು ನೋಡಲಾಗದೆ ಅನ್ಸಿಲ್ಲಾ ಮೀನುಗಳ ಕಡೆ ನೋಡಿದಳು. "ಅವ್ಳು ಓದಿದವಳು. ಕೈ ಹಿಡ್ದು ಕೂರಿಸಿದ್ಳು. ಇಲ್ದಿದ್ರೆ ನಾನು ಇನಾಸನ ಪೂಜೆಯಲ್ಲೇ ಎಂತಾ ಪಾಪ ಕಟ್ಕಳ್ತಿದ್ದೆ! ಇವಳಿದ್ದಳು, ಉಳಿದೆ."

ಈಗ ಹೇಳಬಹುದಿತ್ತು. ಮಾತು ಚಿಕ್ಕದು: ನನ್ನದು ತಪ್ಪು. ಆದರೆ ಗಂಗೆಯ ಎದುರಿಗೆ? ಅದೂ ಅವಳ ನಗುವಿನ ಎದುರಿಗೆ? ನಮ್ಮ ಧರ್ಮದ ಮರ್ಯಾದೆ ಎಂಬ ಒಂದು ದೊಡ್ಡ ಮಾತು ತಲೆಯೊಳಗೆ ಎದ್ದು ಬಂದು ಅವಳಿಗೆ ಅಡ್ಡ ನಿಂತಿತು. ಅದರ ಹಿಂದೆ ಅವಳು ಆರಾಮಾಗಿ ಅಡಗಿಕೊಂಡಳು.

"ಬಿಸಿಲು ಮಾವ್ಶಿ. ನಡಿ," ಎಂದಳು.

ದಾರಿಯಲ್ಲಿ ಮಾವ್ಶಿ ಹಿಂದೆ ಬಿದ್ದಳು. ಒಂದು ಕಡೆ ಬೇಲಿ ಹಿಡಿದು ನಿಂತಳು. ಅನ್ಸಿಲ್ಲಾ ಕಾದಳು. ಇವಳೇ ತನ್ನನ್ನು ಸಾಕಿದ್ದು. ತಾಯಿ ಸತ್ತ ಮೇಲೆ, ಮೀನು ನಾರುವ ಇದೇ ಸೆರಗಿನಲ್ಲಿ ಮುಖ ಒರೆಸಿ ಶಾಲೆಗೆ, ಆಮೇಲೆ ಹೊಳೆಯಾಚೆ ಹೊನ್ನಾವರದ ಕಾಲೇಜಿಗೆ ಕಳಿಸಿದ್ದು. ಇದು ಗೊತ್ತಿದ್ದ ಸಂಗತಿಯೇ. ಡೈರಿಯಲ್ಲಿ 'ಋಣ' ಎಂಬ ಶಬ್ದ ಹಲವು ಸಲ ಬಂದಿತ್ತು.

*

ಊಟಕ್ಕೆ ತಾರ್ಲೆ ಸಾರು. ಮಾವ್ಶಿ ಒಂದು ಮೀನನ್ನು ತನ್ನ ಬಟ್ಟಲಿಗೆ ಹಾಕಿಕೊಂಡು ಮುಳ್ಳು ಬಿಡಿಸತೊಡಗಿದಳು. ತನಗಲ್ಲ, ಅನ್ಸಿಲ್ಲಾಳಿಗೆ. ತಾರ್ಲೆಗೆ ಮುಳ್ಳು ಹೆಚ್ಚು. ಡಿಗ್ರಿ ಆದವಳಿಗೂ ಮಾವ್ಶಿಯೇ ಬಿಡಿಸಿಕೊಡಬೇಕು.

"ಒಂದು ಯೋಚನೆ ಮಾಡಿದ್ದೆ," ಎಂದಳು ಮಾವ್ಶಿ. "ಬರೂ ಐತ್ವಾರ ಇನಾಸನ ಪೂಜೆ ಮತ್ತೊಂದ್ಸಲ ಹೇಳಿಸೂದು. ಹಿಂದಿನ ಕಾಲದಂಗೆ, ಶನಿವಾರ ರಾತ್ರಿಯಿಂದ್ಲೇ ಉಪಾಸ. ಗುಳಿಗೆಯೂ ಬೇಡ. ಗುಳಿಗೆ ನುಂಗಿದ್ರೆ ಚಾ ಬೇಕು ಅಂತದೆ ಹೊಟ್ಟೆ."

"ಹಾಗೆಲ್ಲ ಮಾಡ್ಬಾರ್ದು. ಬೀಳ್ತೀಯ."

"ಬಿದ್ರೆ ಬಿದ್ದೆ. ಅಂವ ಕಾಯ್ತಾ ಇರ್ತ. ವರ್ಷಕ್ಕೊಂದ್ಸಲ ಅಂವ್ನ ಹೆಸರಲ್ಲಿ ಪ್ರಸಾದ ತಗಂಬೂದು ಅಲ್ದಾ? ಇವತ್ತು ಅಂವಂಗೆ ಎಂತ ಅನ್ಸಿತ್ತೋ. ಎಲ್ಲ ಎದ್ರು, ತನ್ನ ಹೆಂಡ್ತಿ ಕೂತೇ ಇದ್ಳು ಹೇಳಿ."

ಅಳಲಿಲ್ಲ. ಬೆರಳು ಮೀನಿನೊಳಗೆ ಹುಡುಕುತ್ತಲೇ ಇತ್ತು.

ಅನ್ಸಿಲ್ಲಾ ಗಂಟಲು ಸರಿಮಾಡಿಕೊಂಡಳು.

"ಮಾವ್ಶಿ, ಫಾದರ್ ಹತ್ರ ಕೇಳಿದೆ. ಹಿರಿಯರಿಗೆ, ಹುಷಾರಿಲ್ಲದವರಿಗೆ ಆ ನಿಯಮ ಅನ್ವಯಿಸುವುದಿಲ್ಲವಂತೆ. ಉಪವಾಸದ ಅಗತ್ಯವಿಲ್ಲ."

ಅನ್ವಯ. ಅಗತ್ಯ. ಧರ್ಮೋಪದೇಶದ ತರಗತಿಯ ದನಿ, ನಡುಗಲಿಲ್ಲ.

ಮಾವ್ಶಿ ತಲೆಯೆತ್ತಿದಳು. "ಅಂದ್ರೆ ನಾನು ಹೋಗ್ಲಕ್ಕಿತ್ತು?"

"ಹೋಗ್ಬಹುದಿತ್ತು."

ಹೊರಗೆ ಯಾರದೋ ಟೆಂಪೋ ಹಾರ್ನ್ ಹೊಡೆಯುತ್ತ ಬಂದರಿನ ಕಡೆ ಹೋಯಿತು. ಮಾವ್ಶಿ ಮತ್ತೆ ಬಟ್ಟಲಿಗೆ ಬಾಗಿದಳು.

"ಆತು ಬಿಡು. ನಿಂಗೆ ಹೆಂಗೆ ಗೊತ್ತಾಗ್ಬೇಕು? ಸಣ್ಣವಳು. ಪಾದ್ರಿಗಳು ಎಲ್ಲ ಬಿಚ್ಚಿ ಹೇಳೂದಿಲ್ಲ." ಬೇಕಂತಲೇ ಹಗುರ ಮಾಡಿದ ದನಿ. "ಇನಾಸಂಗೆ ನಾನು ಹೇಳ್ತೆ, ಮಗಳಿಗೆ ಗೊತ್ತಿರ್ಲಿಲ್ಲ ಹೇಳಿ."

ಮುಗಿಯಿತು. ಇಷ್ಟು ಸುಲಭ. ಗುಳಿಗೆ ತಪ್ಪುವುದಿಲ್ಲ, ಉಪವಾಸವಿಲ್ಲ, ಕ್ಷಮೆಯೂ ಸಿಕ್ಕಿತು. ಕೇಳದೆಯೇ. ಅನ್ಸಿಲ್ಲಾ ಅನ್ನ ಕಲಸಿದಳು. ಭುಜ ಸಡಿಲಾಯಿತು. ರಾತ್ರಿಯ ವಾಕ್ಯ ತಾನಾಗಿ ರೂಪುಗೊಳ್ಳತೊಡಗಿತು: ಇಂದು ಒಂದು ತಪ್ಪು ತಿಳುವಳಿಕೆ ನಿವಾರಣೆಯಾಯಿತು.

"ಪಾಪ, ನೀನೂ ಹೆದರ್ಕಂಡಿರ್ಬೇಕು," ಎಂದಳು ಮಾವ್ಶಿ. "ಗಟ್ಟಿ ಕೈ ಹಿಡ್ದ್ಯಲ್ಲ. ಮಾವ್ಶಿಗೆ ಪಾಪ ತಗುಲ್ತದೆ ಹೇಳಿ ನಿಂಗೆ ಹೆದ್ರಿಕೆ ಆತು. ಅಲ್ದಾ?"

ಹೌದು ಎಂದರೆ ಸಾಕಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ಮಾವ್ಶಿ ಅದಕ್ಕಾಗಿಯೇ ಕಾಯುತ್ತಿದ್ದಳು, ಅವಳಿಗೂ ಅದು ಬೇಕಿತ್ತು. ಆ ಒಂದು ಹೌದನ್ನು ಅವಳು ಪ್ರಾರ್ಥನೆಯಲ್ಲಿ ಇನಾಸನ ತನಕ ಒಯ್ಯಬಹುದಿತ್ತು.

ಸಾಲಿನಲ್ಲಿ ನಡೆಯುವಾಗ ಎದೆಯಲ್ಲಿ ಹರಡಿದ ಬಿಸಿ ಈಗ ಕಿವಿಗೇರಿತು. ಒಂದೇ ಬಿಸಿ. ಹೆಸರು ಮಾತ್ರ ಬೇರೆ.

"ಇಲ್ಲ ಮಾವ್ಶಿ," ಎಂದಳು. ದನಿ ನಡುಗಿತು. ಓದುವಾಗಿನ ದನಿ ಅದಾಗಿರಲಿಲ್ಲ. "ಹೆದ್ರಿಕೆ ಆಗ್ಲಿಲ್ಲ. ನಂಗೆ ಖುಷಿ ಆಗಿತ್ತು. ಎಲ್ಲರೂ ನೋಡ್ತಿದ್ರು. ನೀನು ಕೂತಿದ್ದೆ, ನಾನು ಹೋಗ್ತಿದ್ದೆ."

ಮಾವ್ಶಿ ಆಗಷ್ಟೇ ಒಂದು ಮುಳ್ಳು ಎಳೆದು ತೆಗೆದಿದ್ದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಾಗೆಯೇ ಎತ್ತಿ ಹಿಡಿದು ಕೂತಳು. ಬೆಳ್ಳಗೆ, ತೆಳ್ಳಗೆ, ಕಿಟಕಿಯ ಬೆಳಕಿಗೆ ಆಚೆಯಿಂದ ಈಚೆ ಕಾಣುವಂಥದ್ದು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಎದುರಿಗೆ, ಅಷ್ಟು ಹತ್ತಿರದಲ್ಲಿ, ಮಾತು ಮುಗಿದರೂ ಅನ್ಸಿಲ್ಲಾಳ ಬಾಯಿ ತೆರೆದೇ ಇತ್ತು, ಬೆಳಿಗ್ಗೆ ಪ್ರಸಾದಕ್ಕೆ ತೆರೆದ ಹಾಗೆ.