ತಿಮ್ಮಿ ಒಂದು ತಾಸು ಮಾತಾಡಬಾರದು

೧

ಎಲ್ಲಿಂದ ಶುರು ಮಾಡಲಿ? ಸೂಜಿಯಿಂದ ಶುರು ಮಾಡಿದರೆ ನೀವು ಹೆದರಿ ಪುಟ ಮಗುಚುತ್ತೀರಿ. ಎದೆಯ ಗಂಟಿನಿಂದ ಎಂದರೆ ತಿಮ್ಮಿಗೆ ಸಿಟ್ಟು.

"ಅಕ್ಕೋರೇ, ನನ್ನ ಎದೆ ಸುದ್ದಿ ಊರಿಗೆಲ್ಲ ಹೇಳೂದೆಂತಕ್ಕೆ? ಕಾರಿಂದ ಶುರು ಮಾಡಿ."

ಸರಿ, ಕಾರು.

೨

ಶಿರಸಿ ಹತ್ತಿರದ ಹುಲಗೋಳದ ತಿಮ್ಮಿ, ವಯಸ್ಸು ಐವತ್ತೆಂಟು, ಗಂಡ ಕೆರಿಯನೊಟ್ಟಿಗೆ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದಾಳೆ. ಗಂಟು ಕ್ಯಾನ್ಸರ್ ಎಂದು ಗೊತ್ತಾಗಿದೆ. (ಕ್ಷಮಿಸು ತಿಮ್ಮಿ, ಹೇಳದೆ ವಿಧಿಯಿಲ್ಲ.) ಅದು ಇದ್ದಲ್ಲೇ ಇದೆಯೋ, ಮೈಯಲ್ಲಿ ಬೇರೆಲ್ಲಾದರೂ ಹಬ್ಬಿದೆಯೋ ನೋಡಲು ಇವತ್ತು ಪೆಟ್ ಸ್ಕ್ಯಾನ್.

ಬೆಳಗಿನಿಂದ ಏನೂ ತಿನ್ನಬಾರದು ಎಂದು ಫೋನಿನಲ್ಲಿ ಹೇಳಿದ್ದರು. ತಿಮ್ಮಿ ತಿಂದಿಲ್ಲ. ದಾರಿಯಲ್ಲಿ ಮೂರು ಕವಳ ಹಾಕಿದ್ದಾಳೆ, ಅಷ್ಟೆ.

(ನಮ್ಮ ಕಡೆಯವರಿಗೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ಎಲೆ, ಅಡಿಕೆ, ಸುಣ್ಣ ಎಂದಾದರೂ ತಿಂಡಿಯಾದದ್ದುಂಟೆ? ನಾನು ಬಿ.ಎ. ಓದಿದವಳು, ನಾನೂ ಹಾಗೇ ತಿಳಿದಿದ್ದೆ.)

"ಏನಾದ್ರೂ ತಿಂದ್ರಾ ಅಮ್ಮ?" ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹುಡುಗಿ ಹುಸ್ನಾ ಕೇಳಿದಳು. ಯಲ್ಲಾಪುರದವಳು.

"ಒಂದು ಅಗಳೂ ಇಲ್ಲ," ಎಂದಳು ತಿಮ್ಮಿ, ಕೆಂಪು ಕೆಂಪು ತುಟಿಯಲ್ಲಿ.

ಹುಸ್ನಾ ನಗಲಿಲ್ಲ. ನಗಬಹುದಿತ್ತು. "ನಮ್ಮಮ್ಮಂಗೂ ಕವಳ ತಿಂಡಿ ಅಲ್ಲ," ಎಂದು ಬಾಯಿ ಮುಕ್ಕಳಿಸಲು ಬಿಸಿನೀರು ಕೊಟ್ಟಳು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದಳು. ಹೆಚ್ಚಿದ್ದರೆ ಚಿತ್ರ ಕೆಡುತ್ತದಂತೆ; ಹೆಚ್ಚಿರಲಿಲ್ಲ. ಸ್ಕ್ಯಾನ್ ಇವತ್ತೇ ಆಗುತ್ತದೆ.

ಬಚಾವ್! ಇಲ್ಲದಿದ್ದರೆ ಕಥೆ ಇಲ್ಲಿಂದಲೇ ಶಿರಸಿಗೆ ವಾಪಸ್.

೩

ನಿಜವಾದ ಗಂಡಾಂತರ ಈಗ ಬಂತು. ಸೂಜಿಮದ್ದು ಕೊಟ್ಟಾದ ಮೇಲೆ ಹುಸ್ನಾ ಹೇಳಿದಳು: "ಒಂದು ತಾಸು ಸುಮ್ಮನೆ ಮಲ್ಗಬೇಕು. ಜಗಿಯೂದಿಲ್ಲ, ಮಾತೂ ಇಲ್ಲ. ದವಡೆ, ನಾಲಿಗೆ ದುಡಿದ್ರೆ ಮದ್ದು ಅಲ್ಲಿಗೇ ಹೋಗಿ ಚಿತ್ರದಲ್ಲಿ ಹೊಳೀತದೆ. ಯಾವ್ದು ಕಾಯಿಲೆ, ಯಾವ್ದು ಮಾತು ಅಂತ ಡಾಕ್ಟ್ರಿಗೆ ಗೊಂದಲ."

ಓದುಗರೇ, ನನ್ನ ಪಾಡು ನೋಡಿ. ತಿಮ್ಮಿಯ ಬಾಯಲ್ಲಿ ನಾನು ಒಂದು ಸಾಲು ಬರೆದರೂ ಅವಳ ನಾಲಿಗೆ ಹೊಳೆಯುತ್ತದೆ!

ಮೊದಲ ಕರಡು: 'ತಿಮ್ಮಿ ದೇವರೇ ಎಂದಳು.' ಹೊಡೆದುಹಾಕಿದೆ.

ಎರಡನೆಯದು: ಕೆರಿಯ ಬಾಗಿಲಲ್ಲಿ ತಲೆ ಹಾಕಿ, "ಎಮ್ಮಿಗೆ ಹುಲ್ಲು ಹಾಕೂಕೆ ಯಾರಿಗೆ ಹೇಳಿ ಬಂದ್ಯೇ?" ಎಂದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ತಿಮ್ಮಿ ಉತ್ತರ ಕೊಡದ ಮೊದಲ ಪ್ರಶ್ನೆ. ಅವಳ ಕೆನ್ನೆ ಪೂರಿಯ ಹಾಗೆ ಉಬ್ಬಿತು. ಕರಡಿನ ಸಮೇತ ಕೆರಿಯನನ್ನು ಕ್ಯಾಂಟೀನಿಗೆ ಅಟ್ಟಿದೆ.

ಮನಸ್ಸಿನಲ್ಲಿ ಮಾತಾಡಿದರೆ? ಮಿದುಳು ಹೇಗೂ ಹೊಳೆಯುತ್ತದಂತೆ, ಅದಕ್ಕೆ ಡಾಕ್ಟರು ಬೇಸರಿಸುವುದಿಲ್ಲ. ಧೈರ್ಯವಾಗಿ ಬೈಯಿ ತಿಮ್ಮಿ, ಎಂದೆ. ಬೈದಳು. ಅದನ್ನು ಇಲ್ಲಿ ಅಚ್ಚು ಹಾಕಿಸುವ ಹಾಗಿಲ್ಲ.

೪

ಬೆರಳಿನ ಭಾಷೆ ಹುಸ್ನಾಳದು. ಚಳಿಯಾದರೆ ಒಂದು, ಒಂದಕ್ಕೆ ಹೋಗುವುದಾದರೆ ಎರಡು, ಹೆದರಿಕೆಯಾದರೆ ಐದು.

ತಿಮ್ಮಿ ಒಂದು ಎತ್ತಿದಳು, ಕಂಬಳಿ ಬಂತು. ಮತ್ತೊಂದು, ಮತ್ತೂ ಕಂಬಳಿ. ಆಮೇಲೆ ನಿಧಾನಕ್ಕೆ ಐದೂ ಎತ್ತಿದಳು.

ಸೂಜಿಮದ್ದಿನಲ್ಲಿ ವಿಕಿರಣವಿದೆ, ಅದರ ಕಿರಣ ಮೈಯಿಂದ ಹೊರಗೂ ಬರುತ್ತದೆ. ಇಂಥವರ ಹತ್ತಿರ ಹುಸ್ನಾ ದಿನವಿಡೀ ಕೂರುವಂತಿಲ್ಲ. ಗಾಜಿನ ಆಚೆ ನಿಂತು ಅವಳೂ ಐದು ಬೆರಳು ಎತ್ತಿದಳು. ಇಳಿಸಲೇ ಇಲ್ಲ. ಫೋನು ಬಂತು, ಎಡಗೈಯಲ್ಲಿ ಹಿಡಿದು ಮಾತಾಡಿದಳು.

೫

ಯಂತ್ರ ಹೇಗಿತ್ತು? ಮಲಗಿಸಿಟ್ಟ ಬಾವಿಯ ಹಾಗೆ, ಎಂದು ಬರೆದೆ. ಬ್ಯಾಡ ಅಕ್ಕೋರೇ, ಬಳೆ ಅನ್ನಿ, ಎಂದಿತು ಹೊಳೆಯುವ ಮಿದುಳು. ದೊಡ್ಡ ಬಿಳಿ ಬಳೆಯೊಳಗೆ ಹಾಸಿಗೆ ಸರಿಯಿತು. ಮೊಣಕಾಲ ಕೆಳಗೆ ದಿಂಬು, ಕೈ ತಲೆಯ ಮೇಲೆ. ಸ್ಪೀಕರಿನಲ್ಲಿ ಹುಸ್ನಾ, "ಅರ್ಧ ಆಯ್ತು ಅಮ್ಮ," ಎಂದಳು. ಇಪ್ಪತ್ತು ನಿಮಿಷದಲ್ಲಿ ಮೂರು ಸಲ ಅರ್ಧವಾಯಿತು. ನಾನು ತಿದ್ದಲಿಲ್ಲ.

೬

ಈಗ ಮುಕ್ತಾಯಗಳು.

ಅ) ಹಬ್ಬಿಲ್ಲ. ಕೆರಿಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಜಿಲೇಬಿ ಕೊಡಿಸುತ್ತಾನೆ. (ನನಗಿಷ್ಟ.)

ಆ) ಹಬ್ಬಿದೆ. (ಪೆನ್ನು ಮುಂದೆ ಹೋಗಲಿಲ್ಲ.)

"ರಿಪೋರ್ಟು ನಾಳಿದ್ದಂತೆ. ನೀವೆಂತ ಇವತ್ತೇ ಬರೀತ್ರಿ?" ಹೊರಗೆ ಬಂದ ತಿಮ್ಮಿಗೆ ಬಾಯಿ ವಾಪಸ್ ಬಂದಿತ್ತು. ಎಮ್ಮೆ, ಕಂಬಳಿ, ಹಸಿವೆ, ನನ್ನ ಕಥೆಯ ದೋಷ, ಎಲ್ಲ ಒಂದೇ ಉಸಿರಿಗೆ.

ಸೂಜಿಗೆ ಕಾಯುತ್ತ ಕೂತಿದ್ದ ಸಂಗಯ್ಯ ಎಂಬ ಹಾವೇರಿ ಕಡೆಯವರು ತಲೆ ಎತ್ತಿದರು. "ನೋವಾಕ್ಕೈತೇನ್ ಯಕ್ಕಾ?"

"ಇರುವೆ ಕಚ್ಚಿದ ಹಾಂಗೆ, ಅಷ್ಟೇಯ. ಆದ್ರೆ ಆಮೇಲೆ ಮಾತಾಡೂ ಹಂಗಿಲ್ಲ. ಎಂತ ಹೇಳೂದಿದ್ರೂ ಈಗ್ಲೇ ಹೇಳಿ ಮುಗ್ಸಿ."

ಸಂಗಯ್ಯ ಟವೆಲ್ಲನ್ನು ಮಡಚಿದರು, ಬಿಚ್ಚಿದರು. "ಹಬ್ಬಿರಬಾರದವ್ವಾ," ಎಂದರು.

ನಾನು ಕಾದೆ. ತಿಮ್ಮಿಯ ಹತ್ತಿರ ಇದಕ್ಕೆ ಕಡಿಮೆಯೆಂದರೂ ಎರಡು ಪುಟದ ಉತ್ತರ ಇರಬೇಕಿತ್ತು.

"ನಂದೂ," ಎಂದಳು.

ಹೊರಗೆ ಕಾರಿನವ ಹಾರ್ನ್ ಹೊಡೆಯುತ್ತಿದ್ದಾನೆ. ಪೂರ್ಣವಿರಾಮ ಕೈಯಲ್ಲಿ ಹಿಡಿದು ನಾನೂ ನಿಂತಿದ್ದೇನೆ. ತಿಮ್ಮಿ ಮಾತ್ರ ಮೈಯ ಕಿರಣಕ್ಕೆಂದು ಸಂಗಯ್ಯನವರಿಂದ ಒಂದು ಕುರ್ಚಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಕೂತೇಬಿಟ್ಟಳು. ಸಂಗಯ್ಯನವರನ್ನು ಒಳಗೆ ಕರೆಯಲು ಇನ್ನೂ ಹತ್ತು ನಿಮಿಷವಿದೆ. ನಿಮಗೆ ಅವಸರವಿದ್ದರೆ ಹೊರಡಿ. ಇವಳು ಏಳುವ ಹಾಗೆ ಕಾಣುವುದಿಲ್ಲ, ಈಗ ಅವರ ಊರು ಯಾವುದೆಂದು ಕೇಳುತ್ತಿದ್ದಾಳೆ, ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಿದ್ದಾಳೆ,