ಬಂಡೂಗೆ ದಾರಿ ಬಿಡ್ರಿ

ಸಫಾಯೀ ಶುರೂ, ಅಂದಿತು ಅದು ಮೂಲೆಯಿಂದ, ಹೆಣ್ಣು ದನಿಯಲ್ಲಿ, ಹಿಂದಿಯಲ್ಲಿ, ಹನ್ನೊಂದು ಹೊಡೆಯಿತು ಅಂತ ತಿಳಿಯಲು ಗೋದಾಗೆ ಈಗ ಗಡಿಯಾರ ಬೇಕಿಲ್ಲ — ಧಾರವಾಡದ ಮಂದಿ, ಪುಣೆಯ ಮನೆ, ಚೀನಾದ ಕಸ ಗುಡಿಸುವ ಯಂತ್ರ, ಅದರ ಬಾಯಲ್ಲಿ ಹಿಂದಿ, ಎತ್ತಣಿಂದೆತ್ತ ಸಂಬಂಧ — ಹಿಟ್ಟು ನಾದುವ ಪರಾತದಷ್ಟು ಅಗಲದ ಆ ಕರಿ ಚಕ್ರ ಗುರ್ ಅನ್ನುತ್ತ ಎದ್ದಿತು, ಸೀದಾ ಸೋಫಾದ ಕಾಲಿಗೆ ಹೋಗಿ ಬಡಿಯಿತು, ಹಿಂದೆ ಸರಿಯಿತು, ಮತ್ತೆ ಅದೇ ಕಾಲಿಗೆ ಬಡಿಯಿತು, ದೀಪಾವಳಿಗೆ ಬಂದದ್ದು, ಎಂಟು ತಿಂಗಳಾಯಿತು, ಸೋಫಾ ಅಲ್ಲೇ ಇರುತ್ತದೆ ಅಂತ ಇನ್ನೂ ತಲೆಗೆ ಹೋಗಿಲ್ಲ ಈ ಶಾಣ್ಯಾಗೆ. ಇಡೀ ಮನಿ ನಕಾಶೆ ಅದರ ತಲಿಯಾಗ ಅದ ಅತ್ಯಾ, ಅಂದಿದ್ದಳು ಸೊಸೆ ಮಂಜರಿ, ಬ್ಯಾಂಕಿನ ಆಫೀಸರು, ಮೊಬೈಲು ಮುಂದೆ ಹಿಡಿದು ತೋರಿಸಿದ್ದಳು, ದೇವರಮನೆ ನೀಲಿ ಚೌಕ, ಅಡಿಗೆಮನೆ ಹಳದಿ ಚೌಕ, ಹಳದಿಯೊಳಗೆ ಒಂದು ಕೆಂಪು ಗೆರೆ, ಇದನ್ನ ದಾಟಬ್ಯಾಡ ಅಂತ ಅದಕ್ಕ ಹೇಳೀನಿ, ಅಲ್ಲಿ ನೀವು ಚಾಪಿ ಹಾಸಿಕೊಂಡು ಕೂಡ್ತೀರಲ್ಲ — ಅಡ್ಡ ಬರುವ ಸಾಮಾನಿನ ಪಟ್ಟಿಯಲ್ಲಿ ತಾನೂ ಒಬ್ಬಳು, ಕಾಲೊರಸು, ಬೂಟು, ಚಾರ್ಜರಿನ ವಾಯರು, ಅತ್ತೆ. ಈಗ ಆ ಚಾಪೆಯೂ ಇಲ್ಲ, ಅಂಚಿನ ಎಳೆ ಎರಡು ಸಲ ಅದರ ಹಲ್ಲಿಗೆ ಸಿಕ್ಕಿತು ಅಂತ ಅಟ್ಟ ಸೇರಿತು, ಜನ್ಮವಿಡೀ ನೆಲದ ಮೇಲೆ ಕೂತು ಪಲ್ಯೆ ಸೋಸಿದವಳು ಈಗ ಊಟದ ಟೇಬಲ್ಲಿಗೆ ಕೂತು ಮೆಂತ್ಯೆಯ ಕಟ್ಟು ಬಿಚ್ಚಿಕೊಂಡು, ಕಾರಕೂನನ ಹಾಗೆ, ಕಾಲು ಜೋತುಬಿಟ್ಟು. ಹೊಸ್ತಿಲ ಒಳಗಿನ ರಂಗೋಲಿಯೂ ಹೋಯಿತು, ಪುಡಿ ನುಂಗಿದರೆ ಅದಕ್ಕೆ ಆಗಿಬರುವುದಿಲ್ಲವಂತೆ, ಅಲ್ಲಿ ಈಗ ಪ್ಲಾಸ್ಟಿಕ್ಕಿನ ರಂಗೋಲಿ ಅಂಟಿಸಿದೆ, ವರ್ಷಪೂರ್ತಿ ಒಂದೇ ತಾವರೆ, ಸಂಕ್ರಾಂತಿಗೂ ಅದೇ, ಸೂತಕಕ್ಕೂ ಅದೇ.

ಮತ್ತು ಇವರು, ಕಿಟಕಿಯ ಹತ್ತಿರ ಪೇಪರು ಹಿಡಿದು ಕೂತ ಇವರು, ಕೃಷ್ಣಾಜಿ, ವಿಮಾ ಆಫೀಸಿನಿಂದ ನಿವೃತ್ತರು, ಗೋದಾಳ ಗಂಡ — ನೋಡು, ಬಂತು ಅದು ಕುರ್ಚಿಯ ಹತ್ತಿರ, ನೋಡು, ಎತ್ತಿದರು, ಎರಡೂ ಕಾಲು, ಪೇಪರಿನಿಂದ ಕಣ್ಣು ತೆಗೆಯದೆ, ಒಟ್ಟಿಗೆ, ಕವಾಯತಿನ ಹಾಗೆ, ಬಾರಪಾ ಬಂಡೂ, ಬಾ, ಅಂತ ಬೇರೆ. ಬಂಡು ಅಂತ ಹೆಸರಿಟ್ಟವರೂ ಇವರೇ. ಮೂವತ್ತೇಳು ವರ್ಷ ಗೋದಾ ಶಾಲೆಗೆ ಹೋಗುವ ಮುಂಚೆ ಕಸ ಗುಡಿಸಿದಳು, ಆಮೇಲೆ ಕೆಲಸದ ನಾಗವ್ವ ಗುಡಿಸಿದಳು, ಬಂಡು ಬರುವ ತನಕ, ಹದಿನಾಲ್ಕು ವರ್ಷ, ಈ ಕಾಲುಗಳು ಒಂದು ಬೆರಳು ಮೇಲಕ್ಕೆದ್ದದ್ದನ್ನು ಯಾರೂ ನೋಡಲಿಲ್ಲ, ಕಸಬರಿಗೆಯೇ ಸುತ್ತುಹಾಕಿ ಹೋಗಬೇಕು, ನದಿ ಬಂಡೆಯನ್ನು ಸುತ್ತಿದ ಹಾಗೆ. ಒದ್ದೆ ಟಾವೆಲ್ಲು ನೆಲದ ಮೇಲೆ, ಶೇಂಗಾ ಸಿಪ್ಪೆ ನೆಲದ ಮೇಲೆ, ರೀ, ಎತ್ತಿಡ್ರಿ ಅಂದರೆ, ಇಡ್ತೀನಿ ತಗೋ ಗೋದಾ, ಎಲ್ಲೆ ಓಡಿ ಹೋಗತದ. ಈಗ ಟಾವೆಲ್ಲು ಗೂಟಕ್ಕೆ, ಸಿಪ್ಪೆ ವಾಟಗಕ್ಕೆ, ಸಿಕ್ಕಿಕೊಂಡರೆ ಪಾಪ ಅದಕ್ಕ ಉಸಿರು ಕಟ್ಟತದ ಅನ್ನುತ್ತಾರೆ, ವಾರಕ್ಕೊಮ್ಮೆ ಅದನ್ನು ಮಗುಚಿ ಹಾಕಿ, ಕನ್ನಡಕ ಏರಿಸಿ, ಅದರ ಹೊಟ್ಟೆಯ ಬ್ರಶ್ಶಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಬಿಡಿಸುತ್ತಾರೆ, ಗೋದಾ, ನಿನ್ನ ಕೂದಲಾ ಭಾಳ ಉದರತಾವ ನೋಡು — ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರಿಗೆ ಹೆಂಡತಿಯ ಕೂದಲು ಉದುರುತ್ತದೆ ಅಂತ ಯಂತ್ರದ ಹೊಟ್ಟೆ ಕೊಯ್ದು ಗೊತ್ತಾಯಿತು. ಮಗ ಪ್ರಣವ ನಗುತ್ತಾನೆ, ಆಯೀ, ಬಾಬಾಗ ಶಿಸ್ತು ಬಂತಲ್ಲ, ಖುಷಿ ಪಡು. ಖುಷಿ. ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ, ಜೀವವಿಲ್ಲದ ತಟ್ಟೆಗೆ ಕೇಳದೆಯೇ ಕೊಟ್ಟರಲ್ಲ, ಅದಕ್ಕೆ ಖುಷಿ ಪಡಬೇಕು.

ಬೆಲ್ಲು — ಪಾರ್ಸಲ್ಲಿನವರು ಇರಬೇಕು, ಮಂಜರಿ ಮತ್ತೇನೋ ತರಿಸಿದ್ದಾಳೆ, ಗಾಜು ಒರೆಸುವ ಯಂತ್ರವೋ ಅತ್ತೆಯನ್ನು ಒರೆಸುವ ಯಂತ್ರವೋ — ಬಾಗಿಲು ತೆಗೆದರೆ ನಾಗವ್ವ. ಕೈಯಲ್ಲಿ ನೀರಿಳಿಯುವ ಛತ್ರಿ, ನೀಲಿ ಅಂಗಿ, ನೀಲಿ ಪ್ಯಾಂಟು, ಎದೆಯ ಮೇಲೆ ಕಂಪನಿಯ ಪಟ್ಟಿ, ಒಂದು ಕ್ಷಣ ಗುರುತೇ ಹತ್ತಲಿಲ್ಲ, ನಾಗವ್ವನನ್ನು ಸೀರೆಯಿಲ್ಲದೆ ಯಾವತ್ತೂ ನೋಡಿಲ್ಲ, ಮೈ ಬೇರೆ ತುಂಬಿಕೊಂಡಿದೆ, ಮತ್ತು ಗೋದಾಗೆ ಆದದ್ದು ಸಂತೋಷವಲ್ಲ, ನಿರಾಸೆ, ಈ ಆರೇಳು ತಿಂಗಳು ಒಂದು ದಿನ ಇವಳು ಬರುತ್ತಾಳೆ, ಸೋತು ಬರುತ್ತಾಳೆ, ಆಗ ಚಹಾ ಕೊಟ್ಟು ಹಳೆಯ ಸೀರೆ ಕೊಟ್ಟು ಸಮಾಧಾನ ಹೇಳಬೇಕು ಅಂತ ಮನಸ್ಸು ತಯಾರಿ ನಡೆಸಿತ್ತು. ಅಕ್ಕಾರ, ಆರಾಮದೀರಿ? ಒಳಗೆ ಬಾ ಅನ್ನುವ ಮೊದಲೇ ಕಿಟಕಿಯಿಂದ ಇವರು, ಬಂದದ್ದು ಯಾರೆಂದೂ ನೋಡದೆ, ಅಲ್ಲೇ ನಿಂದರವಾ, ಛತ್ರಿ ಹೊರಗಿಡು, ನೀರು ಹನಿಸಬ್ಯಾಡ, ಬಂಡೂಗ ನೀರು ಆಗಂಗಿಲ್ಲ. ನಾಗವ್ವ ಕಾಲೊರಸಿನ ಮೇಲೆ ನಿಂತಳು. ಬಂಡು ಮತ್ತೆ ಕುರ್ಚಿಯ ಹತ್ತಿರ ಬಂದಿತು, ಇವರು ಮತ್ತೆ ಕಾಲು ಎತ್ತಿದರು. ನಾಗವ್ವ ನೋಡಿದಳು, ಆಮೇಲೆ ಗೋದಾಳ ಕಡೆ ತಿರುಗಿ ಮೆಲ್ಲಗೆ, ಸಾಹೇಬ್ರಿಗೆ ಕಾಲು ಎತ್ತಾಕ ಬರತದ ಅಂದಂಗಾತು. ಗೋದಾಗೆ ನಗು ತಡೆಯಲಿಲ್ಲ, ಸೆರಗು ಬಾಯಿಗೆ ಹೋಯಿತು, ಇಬ್ಬರೂ ನಕ್ಕರು, ಎಂಟು ತಿಂಗಳಲ್ಲಿ ಈ ಮನೆಯಲ್ಲಿ ಗೋದಾ ಯಾರೊಟ್ಟಿಗಾದರೂ ನಕ್ಕದ್ದು ಇದೇ ಮೊದಲು, ಆಹಾ, ಇವಳಿಗೆ ಗೊತ್ತಿದೆ, ಇವಳೊಬ್ಬಳಿಗೇ ಗೊತ್ತಿದೆ, ನಾವಿಬ್ಬರೂ ಒಂದೇ ಕಾಲುಗಳ ಸುತ್ತ ಗುಡಿಸಿದವರು.

ಯೆರವಡಾದಾಗ ಒಂದು ದೊಡ್ಡ ಆಫೀಸನ್ಯಾಗ ಕೆಲಸ ಸಿಕ್ಕದ್ರಿ ಅಕ್ಕಾರ, ಮನಿ ಹತ್ರಾನ, ಕೂತು ಓಡಿಸೋ ಮಶೀನ ಅದ, ಇದರ ಅಪ್ಪ ಅದು — ಗದ್ದದಿಂದ ಬಂಡುವನ್ನು ತೋರಿಸಿದಳು — ಇದೇನ್ರಿ, ಮೂಲಿಗೇ ಹೋಗವಲ್ದು, ಕಪಾಟಿನ ಹಿಂದ ನೋಡ್ರಿ ಎಷ್ಟು ಧೂಳ. ಆ ಮಾತೂ ಗೋದಾಗೆ ಹಿಡಿಸಿತು. ತಾತ್ಪುರ್ತಾ, ಸದ್ಯಕ್ಕಷ್ಟ ತಗೊಂಡಾರ, ಪಕ್ಕಾ ಮಾಡಬೇಕಂದ್ರ ಮೊದಲು ಕೆಲಸ ಮಾಡಿದ ಮನಿಯವರ ಚೀಟಿ ಬೇಕಂತ, ಸೋಮವಾರದೊಳಗ, ನೀವು ಟೀಚರ್ರು, ನಿಮ್ಮ ಅಕ್ಷರ ಚಂದ ಅದ. ಬರೆದುಕೊಡುತ್ತೇನೆ, ಯಾಕೆ ಬರೆಯಬಾರದು, ಗೋದಾ ಅವಳನ್ನು ಟೇಬಲ್ಲಿನ ಹತ್ತಿರ ಕರೆದು, ಮೆಂತ್ಯೆಯನ್ನು ಪಕ್ಕಕ್ಕೆ ಸರಿಸಿ ಬಿಳಿ ಹಾಳೆ ತಂದಳು, ಶಾಲೆಯ ದಿನಗಳ ಶಾಯಿ ಪೆನ್ನು ತಂದಳು, ಮರಾಠಿಯಲ್ಲಿ, ದುಂಡಗೆ, ದಿನಾಂಕ, ವಿಳಾಸ, ಬರೆಯುತ್ತಲೇ ಅಂದಳು, ಅವತ್ತು ನಿನ್ನ ಬಿಡಿಸೋದು ಸೊಸಿ ತೀರ್ಮಾನ ಮಾಡಿಬಿಟ್ಟಳು ನಾಗವ್ವ, ನನ್ನ ಕೈಯಾಗ ಏನಿತ್ತು — ಸುಳ್ಳು, ಮಂಜರಿ ಅಂದದ್ದು ಭಾಂಡೆಗಾದರೂ ಅವಳಿರಲಿ ಅತ್ಯಾ ಅಂತ, ತಾನೇ, ಬ್ಯಾಡ, ಭಾಂಡೆ ನಾನ ತಿಕ್ಕೋತೀನಿ ಅಂದವಳು, ನಾಗವ್ವ ಹೇಳದೆ ಎರಡು ದಿನ ರಜೆ ಹಾಕಿದ್ದಳಲ್ಲ ಆ ವಾರ, ಅದರ ಸಿಟ್ಟು, ಯಾಕೆ ಹಾಕಿದ್ದಳು ಅಂತ ಕೇಳಲೂ ಇಲ್ಲ — ಇರಲಿರಿ ಅಕ್ಕಾರ, ಒಳ್ಳೇದ ಆತು, ಅಂದಳು ನಾಗವ್ವ. ಶ್ರೀಮತಿ ನಾಗವ್ವ, ಅಂತ ಬರೆದಳು ಗೋದಾ, ಮತ್ತು ಪೆನ್ನು ನಿಂತಿತು.

ನಾಗವ್ವ ಏನು? ಗಂಡನ ಹೆಸರು, ಅಡ್ಡಹೆಸರು, ಇಂಡಿ ಕಡೆಯವಳು ಅಂತ ಗೊತ್ತು, ಮಗಳೊಬ್ಬಳು, ಅವಳ ಹೆಸರು, ಇರು, ಹೇಳಿದ್ದಳು, ಎಷ್ಟೋ ಸಲ ಹೇಳಿದ್ದಳು, ಹದಿನಾಲ್ಕು ವರ್ಷ ದಿನಾ ಹೇಳುತ್ತ ಗುಡಿಸಿದ್ದಳು, ಗೋದಾ ಹೂಂ ಅನ್ನುತ್ತ ಪೇಪರು ತಿರುವಿದ್ದಳು, ತರಗತಿಯ ಅರವತ್ತು ಹುಡುಗಿಯರ ಪೂರ್ತಿ ಹೆಸರು ಜೂನ್ ಮುಗಿಯುವುದರೊಳಗೆ ಬಾಯಿಪಾಠ ಮಾಡುತ್ತಿದ್ದವಳು — ನಿಬ್ಬಿನ ತುದಿ ಹಾಳೆಗೆ ಊರಿಕೊಂಡೇ ಇತ್ತು, ಶಾಯಿ ಇಳಿಯಿತು, ಸಾಸಿವೆಯಷ್ಟು, ಮೆಣಸಿನ ಕಾಳಿನಷ್ಟು, ನಾಗವ್ವನೂ ಅದನ್ನೇ ನೋಡುತ್ತಿದ್ದಳು, ಮುಖದಲ್ಲಿ ಸಿಟ್ಟಿಲ್ಲ, ಆಶ್ಚರ್ಯವಂತೂ ಇಲ್ಲವೇ ಇಲ್ಲ, ಅದೇ ಸಹಿಸಲಾಗದ್ದು, ಬರೀರಿ ಅಕ್ಕಾರ, ನಾಗವ್ವ ಭೀಮಣ್ಣ ತಳಕೇರಿ. ಬರೆದಳು. ನಂಬಿಗಸ್ತಳು ಅಂತ ಬರೆದಳು, ನಮ್ಮ ಮನೆಯವಳ ಹಾಗೆ ಇದ್ದಳು ಅಂತ ಬರೆದಳು, ಸಹಿ ಹಾಕಿದಳು. ಬೇರೆ ಹಾಳಿ ತಗೋತೀನಿ ತಡಿ, ಇದು ಹೊಲಸಾತು ಅಂದರೆ, ಬ್ಯಾಡ್ರಿ, ಶಿಫ್ಟಿಗಿ ಹೊತ್ತಾತು, ಇದ ನಡೀತದ, ಅಂತ ನಾಗವ್ವ ಅದನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಮಡಿಸಿಟ್ಟು, ಛತ್ರಿ ಬಿಚ್ಚಿಕೊಂಡು ಹೋದಳು, ಚಹಾ ಕುಡೀತೀಯೇನು ಅಂತ ಕೇಳುವುದೂ ಉಳಿದುಹೋಯಿತು. ಯಾರು ಬಂದಿದ್ದರು, ಅಂದರು ಇವರು ಕಿಟಕಿಯಿಂದ. ಗೋದಾ ಮೆಂತ್ಯೆಗೆ ಕೈ ಹಾಕಿದಳು, ಇವರ ಬಗ್ಗೆ ಹೇಸಿಕೆ ಪಡಬೇಕು, ಪಡುವುದು ಸುಲಭ, ಐವತ್ತು ವರ್ಷದ ರೂಢಿ, ಪಡಲು ಹೋದರೆ ಕಣ್ಣ ಮುಂದೆ ಆ ಹಾಳೆ, ಬಸ್ಸಿನಲ್ಲಿ ಹೋಗುತ್ತಿದೆ ಈಗ ಅದು, ಸೋಮವಾರ ಯಾರೋ ಸಾಹೇಬ ಬಿಡಿಸುತ್ತಾನೆ, ದುಂಡಗಿನ ಚಂದದ ಅಕ್ಷರ, ಶ್ರೀಮತಿ ನಾಗವ್ವ, ಆಮೇಲೆ ಆ ಕಲೆ, ಎಲೆ ಬಿಡಿಸು, ದೇಟು ಆಚೆ ಹಾಕು, ಶ್ರೀಮತಿ ನಾಗವ್ವ, ಆಮೇಲೆ ಕಲೆ, ಮೆಣಸಿನ ಕಾಳಿನಷ್ಟು, ನಾಗವ್ವ, ಆಮೇಲೆ ಕಲೆ