ಮನೆಗೊಂದು ಎದೆ

ಐವತ್ತೆಂಟನೆಯ ಇಸವಿ, ಸುಗ್ಗಿ ಮುಗಿದು ಶಿಕಾರಿಪುರದ ಅಕ್ಕಿ ಮಿಲ್ಲಿನ ಮುಂದೆ ಭತ್ತದ ಗಾಡಿಗಳು ಸಾಲುಗಟ್ಟಿದ್ದ ಕಾಲ. ಬೆಳಗಿನ ಮಂಜು ಹರಿಯುವ ಮೊದಲೇ ಡಾಕ್ಟರ ಜೀಪು ಬಂತು. ಹಿಂದಿನ ವರ್ಷ ಸೊರಬದ ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತಾಗಿನಿಂದ ನಮ್ಮ ಸೀಮೆಗೆ ಡಾಕ್ಟರುಗಳ ಕೊರತೆ ಇರಲಿಲ್ಲ. ಮಂಗಗಳಾದ ಮೇಲೆ ನಮ್ಮ ಸರದಿ ಬಂತಲ್ಲ ಎಂದು ಮಿಲ್ಲಿನವರಿಗೆ ಹೆಮ್ಮೆಯೇ ಆಯಿತು.

ಹೊಟ್ಟಿನ ಧೂಳು ಕುಡಿದವರ ಎದೆ ಹೇಗಿದೆ ಎಂದು ಬರೆದುಕೊಳ್ಳುವುದು ಈ ಡಾಕ್ಟರ ಕೆಲಸ. ಅವರಿಗಾಗಿ ಹೆಚ್ಚು ಕಾದವಳು ಹುಲಿಯಮ್ಮ. ಹೊಟ್ಟಿನ ಕೋಣೆಯಲ್ಲಿ ಜರಡಿ ಹಿಡಿದು ಹಿಡಿದು ಅವಳಿಗೆ ಕೆಮ್ಮು ಹತ್ತಿತ್ತು. ಭತ್ತ ಒಣಗಿಸುವ ಕಣಕ್ಕೆ ಹಾಕಿ ಎಂದು ಮಾಲೀಕ ಪಂಚಾಕ್ಷರಪ್ಪನವರನ್ನು ಕೇಳಿಕೊಂಡಿದ್ದಳು.

"ಧೂಳಿಂದ ಕೆಮ್ಮು ಅಂತ ಡಾಕ್ಟರು ಹೇಳ್ಲಿ. ಮರುದಿನವೇ ಕಣಕ್ಕೆ ಹಾಕ್ತೀನಿ," ಎಂದಿದ್ದರು ಅವರು. ಧರ್ಮಿಷ್ಠರು, ಕೊಟ್ಟ ಮಾತಿಗೆ ತಪ್ಪುವವರಲ್ಲ.

ಮಿಲ್ಲು ನಿಲ್ಲಿಸಲು ಅವರು ಒಪ್ಪಲಿಲ್ಲವಾದ್ದರಿಂದ ಪರೀಕ್ಷೆ ಚಾವಡಿಯಲ್ಲಿ ನಡೆಯಿತು. ಮಿಲ್ಲಿನ ಕೆಲಸದವರೆಲ್ಲ ಬರಬೇಕು, ಸರ್ಕಾರದ ಹುಕುಂ ಎಂದು ತಳವಾರ ಸಾರಿದ.

ನಮ್ಮಲ್ಲಿ ಸರ್ಕಾರ ಕರೆದರೆ ಮನೆಗೊಂದಾಳು ಹೋಗುವುದು ವಾಡಿಕೆ. ಅಂಜನಾಪುರದ ಕಾಲುವೆಯ ಹೂಳೆತ್ತುವುದಕ್ಕೂ ಹಾಗೇ. ಯಾವ ಆಳು ಎಂದು ಯಾರೂ ಕೇಳಿದ್ದಿಲ್ಲ. ದುಡಿಯುವವನ ಕೆಲಸ ಕೆಡಿಸುವುದುಂಟೇ? ಪುರುಸೊತ್ತಿದ್ದವನು ಹೋಗುತ್ತಾನೆ. ಹಾಗಾಗಿ ಮಿಲ್ಲಿನಲ್ಲಿ ದುಡಿಯುವ ಬೆನಕಪ್ಪನ ಬದಲು ಹೊಲ ಉಳುವ ಅವನ ತಮ್ಮ ಜಟ್ಟಪ್ಪ ಬಂದ. ಉಳಿದವರ ಮನೆಗಳಿಂದಲೂ ಗಟ್ಟಿಮುಟ್ಟಾದ ದಾಯಾದಿಗಳು ಬಂದರು. ಒಂಟಿ ಹೆಂಗಸು ಹುಲಿಯಮ್ಮನ ಮನೆಯಲ್ಲಿ ಬೇರೆ ಆಳಿರಲಿಲ್ಲ. ಅವಳೇ ಬಂದಳು.

"ಬೆನಕಪ್ಪ!" ಎಂದು ಡಾಕ್ಟರು ಕೂಗಿದರು.

"ಬಂದೀನ್ರೀ," ಎಂದ ಜಟ್ಟಪ್ಪ.

"ಮಿಲ್ಲಿಗೆ ಬಂದು ಎಷ್ಟು ವರ್ಷ?"

"ಹತ್ತು ವರ್ಷ ಆತ್ರೀ." ಮನೆಯ ಲೆಕ್ಕ ಅದು, ಸುಳ್ಳಲ್ಲ.

ಉಸಿರಿನ ಬಲ ಅಳೆಯುವ ನೀರಿನ ಡಬ್ಬಿಗೆ ಸಿಕ್ಕಿಸಿದ ಕೊಳವೆಯನ್ನು ಜಟ್ಟಪ್ಪ ಊದಿದ ರಭಸಕ್ಕೆ ಒಳಗಿನ ಮುಚ್ಚಳ ಹಾರಿ ತಳವಾರನ ಕಾಲಿಗೆ ಬಿತ್ತು. ಡಾಕ್ಟರು ಕನ್ನಡಕ ಒರೆಸಿಕೊಂಡು ಬರೆದರು. ಹುಲಿಯಮ್ಮ ಊದಿದಾಗ ಮುಚ್ಚಳ ಅಲುಗಲೇ ಇಲ್ಲ.

"ಎಲ್ಲರೂ ಕಲ್ಲಿನಂಗೆ ಇದಾರೆ. ನಿಂದೊಂದೇ ಹಿಂಗ್ಯಾಕೆ?"

"ಸ್ವಾಮಿ, ಮಿಲ್ಲಿನಾಕಿ ನಾನೊಬ್ಬಾಕಿನೇ. ಇವ್ರೆಲ್ಲ ಅವರವರ ಅಣ್ತಮ್ಮದೀರು. ಕೆಮ್ಮೋರು ಅಲ್ಲೇ ಮಿಲ್ಲಿನಾಗೆ ಕೆಮ್ಮತಾ ಅದಾರೆ. ಬರ್ರಿ, ತೋರಿಸ್ತೀನಿ."

ಡಾಕ್ಟರು ಜಟ್ಟಪ್ಪನ ಕಡೆ ನೋಡಿದರು.

"ಹೌದ್ರೀ, ಅಣ್ಣಗ ಕೆಲಸ ಐತಿ. ನಾನಾದ್ರೆ ಖಾಲಿ ಇದ್ದೆ," ಎಂದ ಅವನು, ಉಪಕಾರ ಮಾಡಿದವನಂತೆ.

ಡಾಕ್ಟರು ಬರೆದ ಹಾಳೆಗಳನ್ನು ಒಮ್ಮೆ ನೋಡಿದರು, ಜೀಪನ್ನು ಒಮ್ಮೆ ನೋಡಿದರು. "ಶಾಯಿಯಲ್ಲಿ ಬರೆದಾಗಿದೆಯಮ್ಮ. ಹೊಡೆದುಹಾಕಿದ್ರೆ ಮೇಲಿನೋರು ನನ್ನನ್ನ ಕೇಳ್ತಾರೆ." ವಿದ್ಯಾವಂತರ ಕಷ್ಟ ನಮಗೆ ತಿಳಿಯುವುದಿಲ್ಲ.

ಸಂಜೆ ಪಂಚಾಕ್ಷರಪ್ಪನವರು ಅವಳನ್ನು ಕರೆಸಿದರು. "ಧೂಳಲ್ಲಿ ದೋಷ ಇಲ್ಲವಂತೆ ಕಣಮ್ಮ. ಮಿಲ್ಲಿನೋರ ಎದೆ ರೈತರ ಎದೆಗಿಂತ ಕಮ್ಮಿ ಇಲ್ಲ ಅಂದ್ರು. ನಿಂದು ಮನೆ ಒಲೆ ಹೊಗೆ ಇರ್ಬೇಕು."

"ಒಲಿ ಹಚ್ಚಾಕೆ ಹೊತ್ತು ಯಾವಾಗ ಕೊಟ್ಟೀರಿ ಯಜಮಾನ್ರೇ?"

ಕಣ ಸಿಗಲಿಲ್ಲ. ಹೊಟ್ಟಿನ ಕೋಣೆ ಮಾತ್ರ ಅವಳದೇ, ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಮಾಲೀಕರು ಭರವಸೆ ಕೊಟ್ಟರು. ಒಂದು ವಾರ ಅಲ್ಲೇ ನಿಂತು ನೋಡಿದಳು. ಆಮೇಲೆ ಕೆಮ್ಮಿನಲ್ಲಿ ರಕ್ತ ಬಂತು.

ಡಾಕ್ಟರು ಶನಿವಾರವೇ ಹೋಗಿದ್ದರು, ಮಾಲೀಕರ ಮನೆಯ ಹೋಳಿಗೆ ಉಂಡು. ಹುಲಿಯಮ್ಮ ಬಳ್ಳಿಗಾವಿಯ ಅಕ್ಕನ ಮನೆಗೆ ಹೊರಟದ್ದು ಅದಾಗಿ ಒಂಬತ್ತು ದಿನಕ್ಕೆ, ಸೋಮವಾರ, ಭತ್ತ ಇಳಿಸಿ ಖಾಲಿಯಾಗಿದ್ದ ಗಾಡಿಯಲ್ಲಿ ಮಲಗಿಕೊಂಡು.